ಬೀಗದ ಕೈ ಚಿಕ್ಕವ್ವನ ಸೊಂಟದಲ್ಲಿದೆ

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ಇಲ್ಲ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ಇದೆ. ಬಾಗಿಲ ಮೇಲೆ ಕೆಂಪಕ್ಷರದಲ್ಲಿ ಬರೆದಿದೆ. ಹೊರಗೆ ಗೋಡೆಯಲ್ಲಿ ಉದ್ಘಾಟನೆಯ ಕಲ್ಲು. ಅದರಲ್ಲಿ ಮಂತ್ರಿಯಿಂದ ಹಿಡಿದು ಕಂಟ್ರಾಕ್ಟರನ ತನಕ ಎಲ್ಲ ಮಹನೀಯರ ಹೆಸರೂ ಇದೆ. ಒಳಗೆ ಕಬ್ಬಿಣದ ಮೇಜು, ಮೇಲೆ ದೊಡ್ಡ ದೀಪ, ಮೂಲೆಯಲ್ಲಿ ಹಸಿರು ಬಟ್ಟೆ ಹೊದ್ದು ನಿಂತಿರುವ ಅರಿವಳಿಕೆ ಯಂತ್ರ. ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಮ್ಮ ಚಿಕ್ಕವ್ವ ಆ ಥಿಯೇಟರಿನ ನೆಲ ಒರೆಸುತ್ತಾಳೆ. ಹೊರಗುತ್ತಿಗೆಯ ಗ್ರೂಪ್ ಡಿ. ಸಂಬಳ ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ. ಥಿಯೇಟರಿನ ಬೀಗದ ಕೈ ಅವಳ ಸೊಂಟದಲ್ಲೇ ನೇತಾಡುತ್ತಿರುತ್ತದೆ.

ಗೆಳೆಯರೇ, ಗುಡಿಯ ಬಾಗಿಲು ತೆಗೆಸಲಿಕ್ಕೆ ನಮ್ಮ ಹಿರಿಯರು ಹೊಡೆತ ತಿಂದರು. ಈ ಗುಡಿಯ ಬೀಗದ ಕೈ ಮಾತ್ರ ಹೊಡೆದಾಟವಿಲ್ಲದೆ ನಮ್ಮವರ ಸೊಂಟಕ್ಕೇ ಬಂದಿದೆ. ಯಾಕೆಂದರೆ ಒಳಗೆ ಒರೆಸಬೇಕಾದದ್ದು ರಕ್ತ. ಆದರೂ ಈ ಬಾಗಿಲು ನಮ್ಮಪ್ಪನಿಗೆ ತೆರೆಯಲಿಲ್ಲ. ತೆರೆಯಿತು, ಒಳಗೆ ಯಾರೂ ಇರಲಿಲ್ಲ ಅನ್ನೋದು ಸರಿ.

ಅಪ್ಪ ಮೂವತ್ತು ವರ್ಷ ಮಂಡಿಯಲ್ಲಿ ಮೂಟೆ ಹೊತ್ತವನು. ಹಾಗೆ ಹೊತ್ತೂ ಹೊತ್ತೂ ಅವನ ಹೊಟ್ಟೆಯ ಗೋಡೆ ತೊಡೆಸಂದಿಯಲ್ಲಿ ಸಡಿಲವಾಯಿತು. ಕರುಳು ಅಲ್ಲಿಂದ ಹೊರಕ್ಕೆ ಇಣುಕತೊಡಗಿತು. ಡಾಕ್ಟರು ಇದಕ್ಕೆ ಹರ್ನಿಯಾ ಅಂತಾರೆ, ಅಪ್ಪ ‘ಗೆಡ್ಡೆ’ ಅಂತಿದ್ದ. ಏಳು ವರ್ಷ ಆ ಗೆಡ್ಡೆಯನ್ನು ಅಂಗೈಯಲ್ಲಿ ಒಳಕ್ಕೆ ಒತ್ತಿ, ಮೇಲೆ ಲಂಗೋಟಿ ಬಿಗಿದು, ಮತ್ತೆ ಮೂಟೆಗೆ ಬೆನ್ನು ಕೊಟ್ಟ. ಯಾರಿಗೂ ಹೇಳಲಿಲ್ಲ. ಇಂಥ ಜಾಗದ ಕಾಯಿಲೆಯನ್ನು ಹೇಳಿಕೊಳ್ಳುವುದು ಹೇಗೆ? ಹೇಳಿಕೊಂಡರೆ ಮೇಸ್ತ್ರಿ ಮೂಟೆ ಕೊಡುತ್ತಾನಾ?

ಕೊನೆಗೆ ನಾನು ಬಿ.ಎ. ಮುಗಿಸಿ ಬಂದ ವರ್ಷ ಬಲವಂತ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸರ್ಜನ್ ಒಳ್ಳೆಯವರು. ಮುಟ್ಟಿ ನೋಡಿದರು. (ಮುಟ್ಟಿ ನೋಡಿದರು ಅನ್ನೋದನ್ನು ಬೇರೆ ಪತ್ರಿಕೆಯ ಓದುಗರು ಗಮನಿಸಲಿಕ್ಕಿಲ್ಲ, ನೀವು ಗಮನಿಸುತ್ತೀರಿ.) “ಸಣ್ಣ ಆಪರೇಷನ್ನು ಯಜಮಾನ್ರೆ, ಬುಧವಾರ ಬನ್ನಿ” ಅಂದರು. “ಆಗ್ಲಿ ಬುದ್ದಿ” ಅಂದ ಅಪ್ಪ. ಡಿಗ್ರಿ ಓದಿದ ನನಗೆ ಆ ‘ಬುದ್ದಿ’ ಕೇಳಿ ಮೈಯೆಲ್ಲ ಉರಿಯಿತು. ಆದರೆ ಆವತ್ತು ಉರಿಯಬೇಕಾಗಿದ್ದದ್ದು ಬುಧವಾರ ಅನ್ನೋ ಮಾತಿಗೆ. ಅದು ನನಗೆ ಆಮೇಲೆ ತಿಳಿಯಿತು.

ಮೊದಲನೇ ಬುಧವಾರ ಅರಿವಳಿಕೆ ಡಾಕ್ಟರು ಬರಲಿಲ್ಲ. ಮೂರು ತಾಲ್ಲೂಕಿಗೆ ಅವರೊಬ್ಬರೇ. ಎರಡನೇ ಬುಧವಾರ ಟ್ಯೂಬೆಕ್ಟಮಿ ದಿನ, ಥಿಯೇಟರ್ ಖಾಲಿ ಇಲ್ಲ. ಮೂರನೇ ಬುಧವಾರ ಸಾಮಾನು ಬೇಯಿಸುವ ಆಟೋಕ್ಲೇವ್ ಕೆಟ್ಟಿತ್ತು. ನಾಲ್ಕನೇದಕ್ಕೂ ಐದನೇದಕ್ಕೂ ಮತ್ತೆ ಅರಿವಳಿಕೆ ಡಾಕ್ಟರಿಲ್ಲ. “ಗ್ಯಾನ ತಪ್ಸೋ ಡಾಕ್ಟ್ರು ಇವತ್ತೂ ಬರ್ನಿಲ್ವಂತೆ” ಅಂತ ಅವ್ವ ಕೇರಿಯವರಿಗೆಲ್ಲ ಹೇಳುತ್ತಿದ್ದಳು. ಐದು ಬುಧವಾರ ಅಂದರೆ ಇಬ್ಬರ ಐದೈದು ದಿನದ ಕೂಲಿ, ಬಸ್ ಚಾರ್ಜು ಬೇರೆ. ಆರನೇ ಬುಧವಾರ ಅಪ್ಪ ಹೋಗಲಿಲ್ಲ. ರಾಗಿ ಸುಗ್ಗಿ, ಮಂಡಿಯಲ್ಲಿ ಲೋಡು ಜಾಸ್ತಿ.

ಒಂದು ರಾತ್ರಿ ಗೆಡ್ಡೆ ಒಳಕ್ಕೆ ಹೋಗಲೇ ಇಲ್ಲ. ಕಲ್ಲಿನ ಹಾಗೆ ಗಟ್ಟಿಯಾಯಿತು. ವಾಂತಿ ಶುರುವಾಯಿತು. ಹೊರಬಂದ ಕರುಳು ಸಿಕ್ಕಿಕೊಂಡು ರಕ್ತ ಓಡದೆ ನಿಂತರೆ ಅದು ಕೊಳೆಯುತ್ತದೆ, ಆಮೇಲೆ ಉಳಿದಿರುವುದು ಗಂಟೆಗಳ ಲೆಕ್ಕ. 108ರಲ್ಲಿ ತಾಲ್ಲೂಕು ಆಸ್ಪತ್ರೆಗೆ ಬಂದಾಗ ರಾತ್ರಿ ಹನ್ನೆರಡೂವರೆ. ಡ್ಯೂಟಿ ಡಾಕ್ಟರು ನನಗಿಂತ ಚಿಕ್ಕ ಹುಡುಗ. ಹಾಸ್ಟೆಲಿನಲ್ಲಿ ಓದಿ ಬಂದವನು ಅಂತ ಮಾತಿನಲ್ಲೇ ಗೊತ್ತಾಗುತ್ತಿತ್ತು. ನಾಲ್ಕು ಕಡೆ ಫೋನ್ ಮಾಡಿದ. ಸರ್ಜನ್ ಹವಾಯಿ ಚಪ್ಪಲಿಯಲ್ಲೇ ಓಡಿ ಬಂದರು. ಸುದ್ದಿ ಕೇಳಿ ಚಿಕ್ಕವ್ವ ಬಂದಳು. ಬಂದವಳೇ ಸೊಂಟದ ಬೀಗದ ಕೈ ತೆಗೆದು ಥಿಯೇಟರಿನ ಬಾಗಿಲು ತೆರೆದು, ಮೇಜು ಒರೆಸಿ, ಆ ದೊಡ್ಡ ದೀಪ ಹಾಕಿ, “ಬನ್ನಿ ಸಾ, ಎಲ್ಲಾ ರೆಡಿ ಅದೆ” ಅಂದಳು.

ಎಲ್ಲಾ ರೆಡಿ ಇತ್ತು. ಸರ್ಜನ್ ಇದ್ದರು, ಮೇಜಿತ್ತು, ದೀಪವಿತ್ತು. ಗ್ಯಾನ ತಪ್ಪಿಸುವ ಡಾಕ್ಟರು ಎಪ್ಪತ್ತು ಕಿಲೋಮೀಟರ್ ಆಚೆ ಇದ್ದರು. ಸರ್ಜನ್ ಚಿಕ್ಕವ್ವನ ಮುಖ ನೋಡಲಾರದೆ ಚೀಟಿ ಬರೆದುಕೊಟ್ಟರು: ದೊಡ್ಡಾಸ್ಪತ್ರೆಗೆ.

ದೊಡ್ಡಾಸ್ಪತ್ರೆಯಲ್ಲಿ ನಮಗಿಂತ ಮುಂಚೆ ಮೂರು ಜನ. ಒಬ್ಬ ಬಸುರಿ, ಇಬ್ಬರು ಆಕ್ಸಿಡೆಂಟ್. ಇದ್ದದ್ದು ಒಂದೇ ತಂಡ. ಅಲ್ಲಿಂದ ನರ್ಸಿಂಗ್ ಹೋಮಿಗೆ. ‘ಕಾರ್ಡಿಗೆ ಅಪ್ರೂವಲ್ ಬರೋದು ಬೆಳಿಗ್ಗೆ, ಈಗ ನಲವತ್ತು ಸಾವಿರ ಕಟ್ಟಿ’ ಅಂದರು. ಒಂದೂವರೆ ಅಡಿ ಕರುಳು ಕತ್ತರಿಸಿ ತೆಗೆದರು. ಒಟ್ಟು ಬಿಲ್ಲು ಒಂದು ಲಕ್ಷ ಹತ್ತು ಸಾವಿರ. ಅವ್ವನ ತಾಳಿ, ಎರಡು ಮೇಕೆ, ಉಳಿದದ್ದಕ್ಕೆ ಸಂಘದ ಸಾಲ. ಅಪ್ಪ ಬದುಕಿದ. ಬದುಕದೇ ಹೋದವರ ಮಕ್ಕಳೂ ಈ ಪತ್ರಿಕೆ ಓದುತ್ತಾರೆ ಅಂತ ನನಗೆ ಗೊತ್ತು.

ಇದು ನಮ್ಮೊಬ್ಬರ ಮನೆಯ ಗೋಳಾಗಿದ್ದರೆ ಪದ್ಯ ಬರೆದು ಸುಮ್ಮನಾಗುತ್ತಿದ್ದೆ. 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯ ಆಯೋಗವೊಂದು ಲೆಕ್ಕ ಹಾಕಿತು. ಬೇಕಾದಾಗ ಸುರಕ್ಷಿತವಾದ, ಕೈಗೆಟುಕುವ ಶಸ್ತ್ರಚಿಕಿತ್ಸೆ ಸಿಗದವರು ಪ್ರಪಂಚದಲ್ಲಿ 500 ಕೋಟಿ ಜನ. ವರ್ಷಕ್ಕೆ ಇನ್ನೂ 14 ಕೋಟಿ 30 ಲಕ್ಷ ಆಪರೇಷನ್‌ಗಳು ಆಗಬೇಕು. ಒಂದು ಆಸ್ಪತ್ರೆಯ ಯೋಗ್ಯತೆ ಅಳೆಯಲಿಕ್ಕೆ ಅವರು ಮೂರೇ ಮೂರು ಆಪರೇಷನ್ ಹೇಳಿದರು: ಸಿಸೇರಿಯನ್, ಹೊಟ್ಟೆ ತೆರೆದು ಮಾಡುವ ಚಿಕಿತ್ಸೆ, ಚರ್ಮ ಹರಿದು ಹೊರಬಂದ ಮೂಳೆ ಮುರಿತದ ಚಿಕಿತ್ಸೆ. ಈ ಮೂರೂ ಎರಡು ಗಂಟೆಯ ದಾರಿಯೊಳಗೆ ಸಿಗಬೇಕು ಅಂದರು. ಹೆರುವವಳು, ಹೊರುವವನು, ಬೀಳುವವನು! ಈ ಮೂರೂ ನಮ್ಮ ಕೇರಿಯ ಕಸುಬುಗಳೇ.

ಇನ್ನು ದೆಹಲಿ ಸರ್ಕಾರವೇ ಅಚ್ಚು ಹಾಕಿಸಿದ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶ ನೋಡಿ. ದೇಶದ ಹಳ್ಳಿಗಾಡಿನ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ, ಅಂದರೆ ಬಯಲು ಸೀಮೆಯಲ್ಲಿ 1,20,000 ಜನಕ್ಕೊಂದರಂತೆ ಇರಬೇಕಾದ ಮೂವತ್ತು ಹಾಸಿಗೆಯ ಆಸ್ಪತ್ರೆಗಳಲ್ಲಿ, ಬೇಕಾದ ನೂರು ಸರ್ಜನ್‌ಗಳ ಪೈಕಿ 83 ಮಂದಿ ಇಲ್ಲ. ನೂರಕ್ಕೆ 74 ಹೆರಿಗೆ ತಜ್ಞರಿಲ್ಲ. 81 ಮಕ್ಕಳ ತಜ್ಞರಿಲ್ಲ. ನೂರು ಮೇಷ್ಟರು ಇರಬೇಕಾದ ಶಾಲೆಗಳಲ್ಲಿ 83 ಮೇಷ್ಟರಿಲ್ಲದಿದ್ದರೆ ಅದನ್ನು ಶಾಲೆ ಅಂತ ಕರೆಯುತ್ತೀರಾ, ಮೇಷ್ಟರೇ?

1946ರಲ್ಲೇ ಭೋರ್ ಸಮಿತಿ ಹೇಳಿತ್ತು, ಕಾಸಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂತ. ದೂರದ ಗುರಿಯಾಗಿ ಹತ್ತಿಪ್ಪತ್ತು ಸಾವಿರ ಜನಕ್ಕೊಂದು 75 ಹಾಸಿಗೆಯ ಆಸ್ಪತ್ರೆ ಕೇಳಿತ್ತು. ಆಮೇಲೆ ಎಷ್ಟು ಸಮಿತಿಗಳು ಬಂದವು, ಹೋದವು. ಅದನ್ನೆಲ್ಲ ಬರೆಯುತ್ತ ಕೂತರೆ ಕಾಗದ ಖರ್ಚು.

ಸರ್ಕಾರಕ್ಕೆ ಹಳ್ಳಿಯಲ್ಲಿ ಆಪರೇಷನ್ ಮಾಡಿಸುವ ಶಕ್ತಿ ಇಲ್ಲವೇ? ಇದೆ ಸ್ವಾಮಿ, ಭರ್ಜರಿಯಾಗಿದೆ! ತುರ್ತುಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್‌ಗಳಾದವು. ಶಾಲೆಯಲ್ಲಿ, ಡೇರೆಯಲ್ಲಿ, ಬಡವರನ್ನು ಹಿಡಿಹಿಡಿದು ತಂದು ಮಲಗಿಸಿದರು. ಆಗ ಡಾಕ್ಟರ ಕೊರತೆ ಬರಲಿಲ್ಲ. ‘ಹಳ್ಳಿಗೆ ಯಾರೂ ಹೋಗಲ್ಲ’ ಅಂತ ಯಾವ ಅಧಿಕಾರಿಯೂ ಟಿಪ್ಪಣಿ ಬರೆಯಲಿಲ್ಲ.

ಅದು ಹಳೇ ಕತೆ ಅಂತೀರಾ? 2014ರ ನವೆಂಬರ್. ಛತ್ತೀಸಗಢದ ಬಿಲಾಸಪುರದ ಹತ್ತಿರ, ಬಳಕೆಯಲ್ಲೇ ಇಲ್ಲದ ಒಂದು ಆಸ್ಪತ್ರೆ ಕಟ್ಟಡ. ಒಬ್ಬ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಟ್ಯೂಬೆಕ್ಟಮಿ ಮಾಡಿ ಎದ್ದ. ಆ ದಿನಗಳ ಶಿಬಿರಗಳಲ್ಲಿ ಆಪರೇಷನ್ ಮಾಡಿಸಿಕೊಂಡ 13 ಹೆಂಗಸರು ಸತ್ತರು. ದಲಿತರು, ಆದಿವಾಸಿಗಳು, ಹಿಂದುಳಿದವರು. ತಲೆಗೆ 1,400 ರೂಪಾಯಿ ಕೊಡುತ್ತೇವೆಂದು ಕರೆತಂದಿದ್ದರು. ಅದೇ ಸರ್ಜನ್‌ಗೆ, 50,000 ಆಪರೇಷನ್ ಮಾಡಿದ್ದಕ್ಕೆ ಅಂತ, ಅದೇ ವರ್ಷದ ಆರಂಭದಲ್ಲಿ ಸರ್ಕಾರ ಸನ್ಮಾನ ಮಾಡಿತ್ತು. 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂತ ಹೇಳಬೇಕಾಯಿತು. ಹೇಳದಿದ್ದರೆ?

ನಮ್ಮ ಕಲಬುರಗಿಯನ್ನೂ ಮರೆಯಬೇಡಿ. ಹೊಟ್ಟೆನೋವು ಅಂತ ಹೋದ ಲಂಬಾಣಿ ಹೆಂಗಸರಿಗೆ, ದಲಿತ ಹೆಂಗಸರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶವನ್ನೇ ಕಿತ್ತು ಕಳಿಸಿದರು. 2015ರಲ್ಲಿ ತನಿಖೆಯಾಗಿ ನಾಲ್ಕು ಖಾಸಗಿ ಆಸ್ಪತ್ರೆಗಳ ಲೈಸೆನ್ಸ್ ರದ್ದಾಯಿತು. ಆಮೇಲೂ ಆ ಹೆಂಗಸರು ನ್ಯಾಯ ಕೇಳಿಕೊಂಡು ಬೀದಿಗೆ ಬರಬೇಕಾಯಿತು.

ಹಾಗಾದರೆ ಲೆಕ್ಕ ಹೀಗಿದೆ: ನಮ್ಮ ಸಂಖ್ಯೆ ಕಡಿಮೆಯಾಗಬೇಕಾದಾಗ ಕತ್ತರಿ ಮನೆಬಾಗಿಲಿಗೆ ಬರುತ್ತದೆ. ನಮ್ಮ ಹೊಟ್ಟೆ ಬಗೆದರೆ ಯಾರಿಗಾದರೂ ಕಾಸು ಹುಟ್ಟುತ್ತದೆ ಎನ್ನುವಾಗಲೂ ಬರುತ್ತದೆ. ನಮ್ಮ ಜೀವ ಉಳಿಯಬೇಕಾದ ರಾತ್ರಿ ಮಾತ್ರ ಅದಕ್ಕೆ ಬುಧವಾರವೇ ಆಗಬೇಕು.

ಇನ್ನು ಹಣದ ಮಾತು. ಕಟ್ಟಡಕ್ಕೆ ಹಣ ಯಾವತ್ತೂ ಬರುತ್ತದೆ. ಯಾಕೆ ಬರುತ್ತದೆ ಅಂತ ಉದ್ಘಾಟನೆಯ ಕಲ್ಲನ್ನೇ ಕೇಳಿ. ಕಟ್ಟಡದಲ್ಲಿ ಟೆಂಡರ್ ಇದೆ, ಪರ್ಸೆಂಟ್ ಇದೆ, ಫೋಟೋ ಇದೆ. ತಿಂಗಳು ತಿಂಗಳೂ ಬೇಕಾದ ನರ್ಸಿನ ಸಂಬಳ, ಹೊಲಿಗೆಯ ದಾರ, ಗ್ಲೌಸು, ಆಕ್ಸಿಜನ್ನು, ಆಟೋಕ್ಲೇವಿನ ರಿಪೇರಿ, ಚಿಕ್ಕವ್ವನ ಪಗಾರ, ಇವಕ್ಕೆ ಟೇಪು ಕತ್ತರಿಸುವ ಸಮಾರಂಭವಿಲ್ಲ. ಇವನ್ನು ನೋಡುವವರಿಲ್ಲದಿದ್ದರೆ ಏನಾಗುತ್ತದೆ? 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐದು ಬಾಣಂತಿಯರು ತೀರಿಕೊಂಡರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಬಾಟಲಿಯ ಮೇಲೇ ಅನುಮಾನ ಬಂತು. ಥಿಯೇಟರ್ ತೆರೆದಿತ್ತು, ಡಾಕ್ಟರಿದ್ದರು. ಬಾಟಲಿಯೊಳಗೆ ಏನಿದೆ ಅಂತ ನೋಡಬೇಕಾದ ವ್ಯವಸ್ಥೆ ಮಲಗಿತ್ತು.

2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ದೇಶದ ಒಟ್ಟು ಉತ್ಪನ್ನದ ನೂರಕ್ಕೆ ಎರಡೂವರೆಯಷ್ಟನ್ನು ಸರ್ಕಾರಗಳು ಆರೋಗ್ಯಕ್ಕೆ ಕೊಡಬೇಕು ಅಂತ ಬರೆದುಕೊಂಡಿತು. 2021-22ರ ಲೆಕ್ಕದಲ್ಲಿ ಕೊಟ್ಟದ್ದು 1.84. ಅದೂ ಕೋವಿಡ್ ಬಂದು ಕತ್ತು ಹಿಡಿದ ಕಾಲದಲ್ಲಿ. ಆ ವರ್ಷ ದೇಶದ ಆರೋಗ್ಯದ ಖರ್ಚಿನ ಪ್ರತಿ ನೂರು ರೂಪಾಯಿಯಲ್ಲಿ 39 ರೂಪಾಯಿ ಜನರ ಜೇಬಿನಿಂದ ನೇರವಾಗಿ ಹೋಯಿತು. ಜೇಬು ಅಂದರೆ ತಾಳಿ ಮತ್ತು ಮೇಕೆ ಅಂತ ಓದಿಕೊಳ್ಳಿ.

ಬದಲಿಗೆ ನಮಗೆ ಕಾರ್ಡು ಕೊಟ್ಟರು. 2003ರಲ್ಲಿ ಯಶಸ್ವಿನಿ ಬಂತು. ತಿಂಗಳಿಗೆ ಐದು ರೂಪಾಯಿ, ದೊಡ್ಡ ದೊಡ್ಡ ಆಪರೇಷನ್. ಒಳ್ಳೆಯದೇ. ಆದರೆ ಸಹಕಾರ ಸಂಘದ ಸದಸ್ಯನಾಗಿರಬೇಕು. ಹೊಲವಿಲ್ಲದವನು, ಹಸುವಿಲ್ಲದವನು ಯಾವ ಸಂಘದ ಸದಸ್ಯ? 2018ರಲ್ಲಿ ಐದು ಲಕ್ಷದ ಆಯುಷ್ಮಾನ್ ಬಂತು. ನಾನು ಕಾರ್ಡಿಗೆ ವಿರೋಧಿಯಲ್ಲ, ಅದರಿಂದ ಬದುಕಿದವರಿದ್ದಾರೆ. ಆದರೆ ಕಾರ್ಡು ಬಸ್ಸಿನ ಟಿಕೇಟಿದ್ದ ಹಾಗೆ. ನಮ್ಮೂರಿಗೆ ಬಸ್ಸೇ ಇಲ್ಲ. ಸರ್ಕಾರಿ ಥಿಯೇಟರ್ ಬೀಗ ಹಾಕಿಕೊಂಡಿದ್ದಷ್ಟೂ ಕಾರ್ಡಿನ ದುಡ್ಡು ನಗರದ ಖಾಸಗಿ ಥಿಯೇಟರಿಗೆ ಹರಿಯುತ್ತದೆ. ಬೀಗ ಹಾಕಿರುವುದರಿಂದ ಲಾಭ ಯಾರಿಗೆ ಅಂತ ಇನ್ನೂ ಬಿಡಿಸಿ ಹೇಳಬೇಕೇ?

‘ಶಸ್ತ್ರಚಿಕಿತ್ಸೆ ದುಬಾರಿ, ಬಡ ದೇಶಕ್ಕೆ ಲಸಿಕೆ, ಮಾತ್ರೆ ಸಾಕು’ ಎನ್ನುವ ಪಂಡಿತರಿದ್ದಾರೆ. ಅವರಿಗೊಂದು ಸೊಳ್ಳೆಪರದೆಯ ಕತೆ. ಹರ್ನಿಯಾ ಆಪರೇಷನ್ನಿನಲ್ಲಿ ಸಡಿಲವಾದ ಜಾಗಕ್ಕೆ ಒಂದು ಜಾಲರಿ ಇಟ್ಟು ಹೊಲಿಯುತ್ತಾರೆ. ಕಂಪನಿಯ ಜಾಲರಿಗೆ ಸಾವಿರಾರು ರೂಪಾಯಿ. ಮಹಾರಾಷ್ಟ್ರದ ದೊಂಡೈಚಾ ಎಂಬ ಸಣ್ಣ ಊರಿನ ಸರ್ಜನ್ ಡಾ. ರವೀಂದ್ರನಾಥ ತೊಂಗಾವಂಕರ್, ಸೊಳ್ಳೆಪರದೆಯ ಬಟ್ಟೆಯನ್ನೇ ಕತ್ತರಿಸಿ, ಶುದ್ಧ ಮಾಡಿ, ಅದನ್ನೇ ಇಟ್ಟು ಹೊಲಿದರು. ಜೊತೆಯ ಸರ್ಜನ್‌ಗಳನ್ನೂ ಸೇರಿಸಿಕೊಂಡು 359 ಹರ್ನಿಯಾಗಳಲ್ಲಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. 2016ರಲ್ಲಿ ಆಫ್ರಿಕಾದ ಉಗಾಂಡದಲ್ಲಿ ನಡೆದ ಪರೀಕ್ಷೆಯೂ ಅದನ್ನೇ ಹೇಳಿತು. ಒಂದು ಡಾಲರಿನ ಸೊಳ್ಳೆಪರದೆ ಜಾಲರಿಗೂ ನೂರು ಡಾಲರಿಗೆ ಮೇಲ್ಪಟ್ಟ ಕಂಪನಿ ಜಾಲರಿಗೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಪ್ಪನ ಹರ್ನಿಯಾ ಮೊದಲನೇ ಬುಧವಾರವೇ ಮುಗಿದಿದ್ದರೆ ಸರ್ಕಾರಕ್ಕೆ ಆಗುತ್ತಿದ್ದ ಖರ್ಚೆಷ್ಟು? ನಮಗೆ ಆದದ್ದೆಷ್ಟು?

ಇನ್ನೊಂದು ಮಾತು: ‘ಡಾಕ್ಟರು ಹಳ್ಳಿಗೆ ಬರಲ್ಲ.’ ಬರಲ್ಲ, ನಿಜ. ದೇಶದಲ್ಲೇ ಅತಿ ಹೆಚ್ಚು ಮೆಡಿಕಲ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಖಾಸಗಿ ಮೆಡಿಕಲ್ ಕಾಲೇಜಿನ ದಾರಿ 1953ರಲ್ಲಿ ಮಣಿಪಾಲದಲ್ಲೇ ತೆರೆಯಿತು. ಕ್ಯಾಪಿಟೇಷನ್ ವಿರುದ್ಧ 1984ರಲ್ಲಿ ಕಾನೂನು ಮಾಡಬೇಕಾಗಿ ಬಂದದ್ದೂ ಇಲ್ಲೇ. 1992ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೋಹಿನಿ ಜೈನ್ ಮೊಕದ್ದಮೆ ಹೋದದ್ದೂ ಇಲ್ಲಿಂದಲೇ. ಲಕ್ಷ ಕೋಟಿ ಸುರಿದು ಸೀಟು ಕೊಂಡವನು ಹಾಕಿದ ದುಡ್ಡು ಎತ್ತುವ ಜಾಗಕ್ಕೆ ಹೋಗುತ್ತಾನೆಯೇ ಹೊರತು ರಾಗಿ ಮಂಡಿಯ ಊರಿಗೆ ಬರುತ್ತಾನಾ? ಆಮೇಲೆ ಅವನೇ ಮೀಸಲಾತಿಯಿಂದ ಮೆರಿಟ್ ಕೆಟ್ಟಿತು ಅಂತ ಭಾಷಣ ಮಾಡುತ್ತಾನೆ. ಆ ರಾತ್ರಿ ನಮ್ಮಪ್ಪನ ಪಕ್ಕ ನಿಂತು ನಾಲ್ಕು ಕಡೆ ಫೋನ್ ಮಾಡಿದವನು ಹಾಸ್ಟೆಲಿನ ಹುಡುಗ. ಮೆರಿಟ್ ಎಲ್ಲಿತ್ತು ಆವಾಗ?

ಉಳಿಯುವವರನ್ನು ತಯಾರು ಮಾಡಬಹುದು. ಆಫ್ರಿಕಾದ ಇನ್ನೊಂದು ಬಡ ದೇಶ ಮೊಜಾಂಬಿಕ್ ಅದನ್ನು ಮಾಡಿ ತೋರಿಸಿದೆ. 1975ರಲ್ಲಿ ಪೋರ್ಚುಗೀಸರಿಂದ ಬಿಡುಗಡೆಯಾದಾಗ ಡಾಕ್ಟರೆಲ್ಲ ದೇಶ ಬಿಟ್ಟು ಹೋಗಿ ಬೆರಳೆಣಿಕೆಯವರು ಉಳಿದರು. 1984ರಲ್ಲಿ ಅವರು ಆರೋಗ್ಯ ಕಾರ್ಯಕರ್ತರಿಗೇ ಮೂರು ವರ್ಷ ಶಸ್ತ್ರಚಿಕಿತ್ಸೆಯ ತರಬೇತಿ ಶುರು ಮಾಡಿದರು. ಅಲ್ಲಿನ ಜಿಲ್ಲಾ ಆಸ್ಪತ್ರೆಗಳ ಸಿಸೇರಿಯನ್‌ಗಳಲ್ಲಿ ಹೆಚ್ಚಿನವನ್ನು ಇವರೇ ಮಾಡುತ್ತ ಬಂದರು. ಏಳು ವರ್ಷ ಆದ ಮೇಲೆ ನೋಡಿದರೆ, ಇವರಲ್ಲಿ ನೂರಕ್ಕೆ 88 ಮಂದಿ ಜಿಲ್ಲಾ ಆಸ್ಪತ್ರೆಗಳಲ್ಲೇ ಇದ್ದರು. ಅದೇ ಸಾಲಿನಲ್ಲಿ ಓದಿ ಬಂದ ಡಾಕ್ಟರುಗಳಲ್ಲಿ ಅಲ್ಲಿ ಉಳಿದವರು ಒಬ್ಬರೂ ಇಲ್ಲ.

ಹಾಗಂತ ನಮ್ಮವರಿಗೆ ಅರೆಬರೆ ಡಾಕ್ಟರು ಸಾಕು ಅಂತ ನಾನು ಹೇಳುತ್ತಿಲ್ಲ. ಉಳ್ಳವರಿಗೆ ತಜ್ಞರು, ಕೇರಿಗೆ ತರಬೇತಿಯವರು ಎಂಬ ಹೊಸ ವರ್ಣವ್ಯವಸ್ಥೆ ಬಂದರೆ ಅದನ್ನೂ ಸುಡಬೇಕು. ನಾನು ಹೇಳುತ್ತಿರುವುದು ಇಷ್ಟು: ಹೆರಿಗೆಯ ತುರ್ತಿಗೆ ಅರಿವಳಿಕೆ ಕೊಡಲು ಎಂ.ಬಿ.ಬಿ.ಎಸ್. ಡಾಕ್ಟರನ್ನೇ 18 ವಾರದಲ್ಲಿ ತಯಾರು ಮಾಡುವ ತರಬೇತಿಯನ್ನು ನಮ್ಮ ಸರ್ಕಾರವೇ ಶುರು ಮಾಡಿತ್ತು. ಹಾಗೆ ತಯಾರಾದವರು ನಮ್ಮ ತಾಲ್ಲೂಕಿನಲ್ಲಿ ಎಷ್ಟು? ಅವರನ್ನು ಥಿಯೇಟರಿಗೆ ಹಾಕಿದ್ದಾರಾ, ಇಲ್ಲಾ ಹೊರರೋಗಿಗಳ ಚೀಟಿ ಬರೆಯಲಿಕ್ಕೆ ಕೂರಿಸಿದ್ದಾರಾ? ನಮ್ಮ ರಾಜ್ಯ 2012ರಲ್ಲಿ ಕಡ್ಡಾಯ ಗ್ರಾಮೀಣ ಸೇವೆಯ ಕಾನೂನು ಮಾಡಿತು. ಒಂದು ವರ್ಷಕ್ಕೆ ಬಂದು ಹೋಗುವವನಿಂದ ಆಸ್ಪತ್ರೆ ನಡೆಯುವುದಿಲ್ಲ. ಒಬ್ಬನೇ ಸರ್ಜನ್‌ನನ್ನು ತಂದು ಕೂರಿಸಿದರೂ ನಡೆಯುವುದಿಲ್ಲ. ಅರಿವಳಿಕೆಯವರಿಲ್ಲದ ಸರ್ಜನ್ ಅಂದರೆ ಒಂಟಿ ಎತ್ತಿನ ಬೇಸಾಯ. ಅವರ ಜೊತೆ ರಕ್ತದ ಸಂಗ್ರಹ ಬೇಕು, ರಾತ್ರಿ ಪಾಳಿಯ ನರ್ಸು ಬೇಕು, ಮಳೆ ಸೋರದ ಕ್ವಾರ್ಟರ್ಸು ಬೇಕು. ಇವೆಲ್ಲ ಒಟ್ಟಿಗೆ ಬೇಕು. ಸಾಧ್ಯವಿಲ್ಲ ಎನ್ನುವವರು ಮತ್ತೆ ಅದೇ ಬಿಲಾಸಪುರ ಜಿಲ್ಲೆಗೆ ಹೋಗಿ ಗನಿಯಾರಿ ಎಂಬ ಹಳ್ಳಿ ನೋಡಲಿ. ದೆಹಲಿಯ ಏಮ್ಸ್‌ನಲ್ಲಿ ಕಲಿತ ಕೆಲವು ಡಾಕ್ಟರು ಅಲ್ಲಿ ಜನ ಸ್ವಾಸ್ಥ್ಯ ಸಹಯೋಗ ಅಂತ ಕಟ್ಟಿಕೊಂಡು ಇಪ್ಪತ್ತು ವರ್ಷಕ್ಕೂ ಮೇಲೆ ಆದಿವಾಸಿಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ ಬಂದಿದ್ದಾರೆ.

ಈಗ ನಮ್ಮ ಕಡೆಗೂ ಒಂದು ಬೆರಳು. ಭೂಮಿಗೆ ಹೋರಾಡಿದೆವು, ಹಾಸ್ಟೆಲಿಗೆ, ಸ್ಮಶಾನಕ್ಕೆ ಹೋರಾಡಿದೆವು. ಬಾಬಾಸಾಹೇಬರ ಪ್ರತಿಮೆಗೆ, ಭವನಕ್ಕೆ ಧರಣಿ ಕೂತೆವು. ಎಲ್ಲವೂ ಬೇಕಾದದ್ದೇ. ಆದರೆ ಒಬ್ಬ ಅರಿವಳಿಕೆ ಡಾಕ್ಟರಿಗಾಗಿ ಈ ರಾಜ್ಯದ ಯಾವ ತಾಲ್ಲೂಕು ಕಚೇರಿಯ ಮುಂದೆ ನಾವು ಒಂದು ರಾತ್ರಿ ಮಲಗಿದ್ದೇವೆ? ಆಸ್ಪತ್ರೆಯಲ್ಲಿ ಯಾರಾದರೂ ಸತ್ತರೆ ಹೋಗಿ ಗಾಜು ಒಡೆಯುತ್ತೇವೆ. ಆ ಗಾಜಿನ ಹಿಂದೆ ಅಂಥದೇ ಹಾಸ್ಟೆಲಿನ ಹುಡುಗ ನಡುಗುತ್ತ ಕೂತಿರುತ್ತಾನೆ. ಖಾಲಿ ಹುದ್ದೆಯ ಕಡತ ವಿಧಾನಸೌಧದಲ್ಲಿ ತಣ್ಣಗೆ ಮಲಗಿರುತ್ತದೆ. ಚೂರಾದ ಗಾಜು ಗುಡಿಸುವುದು ನಮ್ಮ ಚಿಕ್ಕವ್ವನೇ.

ಹೋದ ತಿಂಗಳು ನಾವು ಏಳು ಜನ ಕೂತು ಮಾತಾಡಿದೆವು. ಇಬ್ಬರು ಮೇಷ್ಟರು, ಮೂವರು ವಿದ್ಯಾರ್ಥಿಗಳು, ಮಂಡಿಯ ಹಮಾಲಿ ಒಬ್ಬರು, ನಾನು. ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೇವೆ. ಕೇಳಿರುವುದು ಇಷ್ಟು: ಹೋದ ಮೂರು ವರ್ಷದ ಥಿಯೇಟರ್ ರಿಜಿಸ್ಟರಿನ ಲೆಕ್ಕ, ರೋಗಿಗಳ ಹೆಸರು ಬೇಡ, ಯಾವ ಆಪರೇಷನ್ ಎಷ್ಟು ಅನ್ನೋದು ಸಾಕು. ಅರಿವಳಿಕೆ ಡಾಕ್ಟರು ಬಂದ ದಿನಗಳೆಷ್ಟು. ರಾತ್ರಿ ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಕಳಿಸಿದವರೆಷ್ಟು. ಆರೋಗ್ಯ ರಕ್ಷಾ ಸಮಿತಿ ಎಷ್ಟು ಸಲ ಸೇರಿತು, ಅದರ ದುಡ್ಡು ಯಾವುದಕ್ಕೆ ಹೋಯಿತು. ಹೊರಗುತ್ತಿಗೆಯವರಿಗೆ ಕೊನೆಯ ಸಂಬಳ ಆದ ತಾರೀಕು. ಬಿ.ಪಿ.ಎಲ್. ಕಾರ್ಡಿದ್ದವರಿಗೆ ಅರ್ಜಿ ಶುಲ್ಕವಿಲ್ಲ, ಆದ್ದರಿಂದ ಅರ್ಜಿ ಅಪ್ಪನ ಹೆಸರಿನಲ್ಲಿದೆ. ಸಹಿ ಹಾಕುವಾಗ “ಬುದ್ದಿಯವ್ರು ಕ್ವಾಪ ಮಾಡ್ಕಂಡ್ರೆ?” ಅಂದ. ಮಾಡಿಕೊಳ್ಳಲಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೆಬ್ಬೆಟ್ಟಿನ ಬದಲು, ನಾನು ಕಲಿಸಿಕೊಟ್ಟ ಹೆಸರನ್ನು ಬರೆದ.

ಉತ್ತರಕ್ಕೆ ಮೂವತ್ತು ದಿನ ಗಡುವು. ಬುಧವಾರಕ್ಕೆ ಮುಗಿಯುತ್ತದೆ. ಆವತ್ತು ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ಗೇಟಿನ ಹತ್ತಿರ ಇರುತ್ತೇವೆ. ನಿಮ್ಮ ತಾಲ್ಲೂಕಿನ ಅರ್ಜಿಗೆ ನಮ್ಮ ಅರ್ಜಿಯ ನಕಲು ಬೇಕಾದವರು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ.